ಪಥ್ಯವೆಂದು ಎಲ್ಲರೂ ಹೊಗಳಿದ ಕಾಯಿಲೆ

ಟಿಕ್, ಟಿಕ್, ಟಿಕ್, ಟಿಕ್. ಇನ್ಸುಲಿನ್ ಪೆನ್ನಿನ ಬುಡ ತಿರುಗಿಸಿದಾಗ ಬರುವ ಸದ್ದು ಅದು. ಸಣ್ಣ ಸದ್ದೇ, ಆದರೆ ಹುಣಸೂರಿನ ನಮ್ಮ ಮನೆಯಲ್ಲಿ ರೂಮಿನಿಂದ ಹಾಲಿನವರೆಗೂ ಚೆನ್ನಾಗಿ ಕೇಳಿಸುತ್ತಿತ್ತು. ಹಾಲಿನಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದ ಮೇಷ್ಟ್ರು ತಲೆ ಎತ್ತದೆ, "ಆಯ್ತಾ ಸರೋಜ?" ಅನ್ನುತ್ತಿದ್ದರು. "ಆಯ್ತು ರೀ" ಅನ್ನುತ್ತಿದ್ದೆ. ಮೇಷ್ಟ್ರು ಅಂದರೆ ನನ್ನ ಗಂಡ. ಹೈಸ್ಕೂಲಿನಲ್ಲಿ ಸೈನ್ಸ್ ಹೇಳಿಕೊಟ್ಟು ರಿಟೈರ್ ಆದವರು. ಊರೆಲ್ಲ ಕರೆಯುವಂತೆ ನಾನೂ ಹಾಗೇ ಕರೆಯುವುದು.

ಸದ್ದೇನೋ ನಿಜ. ಇನ್ಸುಲಿನ್ ಮಾತ್ರ ನನ್ನ ಮೈಗೆ ಹೋಗುತ್ತಿರಲಿಲ್ಲ, ಬಚ್ಚಲುಮನೆಯ ಬೇಸಿನ್ನಿಗೆ ಹೋಗುತ್ತಿತ್ತು. ಅದು ಮೈಗೆ ಹೋಗದಿದ್ದರೆ ಸಾಯುತ್ತೇನೆ ಎಂದು ನನಗೆ ಗೊತ್ತಿತ್ತು. ಹೋದರೆ ದಪ್ಪ ಆಗುತ್ತೇನೆ ಎಂದೂ ಗೊತ್ತಿತ್ತು. ಅರವತ್ತು ದಾಟಿದ, ತಲೆ ನೆಟ್ಟಗಿದ್ದ ಹೆಂಗಸು ನಾನು, ಸಾವಿಗಿಂತ ಎರಡನೆಯದಕ್ಕೇ ಹೆಚ್ಚು ಹೆದರಿದ್ದೆ. ಇದಕ್ಕೆ ಈಟಿಂಗ್ ಡಿಸಾರ್ಡರ್ ಅನ್ನುತ್ತಾರೆ, ಟೈಪ್ ಒನ್ ಡಯಾಬಿಟಿಸ್ ಇರುವವರಲ್ಲಿ ಅದು ಹೀಗೂ ಬರುತ್ತದೆ ಎಂದು ನನಗೆ ತಿಳಿದದ್ದು ತೀರಾ ತಡವಾಗಿ. ಬೇರೆಯವರಿಗೆ ಅಷ್ಟು ತಡವಾಗದಿರಲಿ ಅಂತ ಬರೆಯುತ್ತಿದ್ದೇನೆ.

ನನಗೆ ಶುಗರ್ ಬಂದದ್ದು ಮದುವೆಯಾದ ಎರಡನೇ ವರ್ಷ. ಎಲ್ಲರ ಮನೆಯಲ್ಲೂ ಅಜ್ಜ ಅಜ್ಜಿಯರಿಗೆ ಇರುವ ಮಾತ್ರೆಯ ಶುಗರ್ ಅಲ್ಲ. ಮೈ ತಾನಾಗಿ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿಬಿಡುವ ಶುಗರ್. ಆ ಕಾಲದಲ್ಲಿ ಗಾಜಿನ ಸಿರಿಂಜನ್ನು ಪಾತ್ರೆಯಲ್ಲಿ ಕುದಿಸಿ ಚುಚ್ಚಿಕೊಳ್ಳುತ್ತಿದ್ದೆ. ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದೆ. ಮಕ್ಕಳಾಗಲಿಲ್ಲ, ಅದು ಬೇರೆ ಕಥೆ. ಕಾಯಿಲೆಯೂ ನಾನೂ ಒಂದೇ ಮನೆಯ ಓರಗಿತ್ತಿಯರ ಹಾಗೆ, ಮಾತು ಕಡಿಮೆ ಮಾಡಿಕೊಂಡು, ದಶಕಗಟ್ಟಲೆ ಕಳೆದುಬಿಟ್ಟೆವು. ಶುಗರ್ ಯಾವಾಗಲೂ ಸ್ವಲ್ಪ ಹೆಚ್ಚೇ ಇರುತ್ತಿತ್ತು. ನಾನು ಯಾವಾಗಲೂ ತೆಳ್ಳಗೇ ಇದ್ದೆ. ಅವೆರಡಕ್ಕೂ ಸಂಬಂಧ ಇದೆ ಅಂತ ಯೋಚಿಸಿರಲಿಲ್ಲ.

ರಿಟೈರ್ ಆದ ಮೇಲೆ ಡಾಕ್ಟರು ಪೆನ್ನಿಗೆ ಬದಲಾಯಿಸಿದರು. ಪ್ರತಿ ಊಟಕ್ಕೊಂದು ಸಲ, ಅದರ ಜೊತೆಗೆ ದಿನಕ್ಕೊಂದು ಸಲ ಅಂತ ಹೊಸ ಕ್ರಮ. ಶುಗರ್ ಮೊದಲ ಸಲ ಕಂಟ್ರೋಲಿಗೆ ಬಂತು, ನನ್ನ ಬ್ಲೌಸುಗಳು ಮೊದಲ ಸಲ ಬಿಗಿಯಾದವು. ಅದೇ ಸಮಯಕ್ಕೆ ಸಾಲಿಗ್ರಾಮದಲ್ಲಿ ಒಂದು ಗೃಹಪ್ರವೇಶ. ಮೇಷ್ಟ್ರ ತಂಗಿ ಜಯಮ್ಮ ಹಂಪಾಪುರದಿಂದ ಬಂದಿದ್ದಳು. ಬಾಗಿಲಲ್ಲೇ ನನ್ನ ಎರಡೂ ತೋಳು ಹಿಡಿದು, "ಅಯ್ ಅತ್ತಿಗೆ! ಈಗ ನೋಡಿ ಎಂಗೆ ಮೈ ತುಂಬ್ಕೊಂಡಿದ್ದೀರಿ! ಕಡ್ಡಿ ಅಂಗಿದ್ರಿ, ಈಗ ಲಕ್ಷ್ಮಿ ಕಳೆ ಬಂತು ಬುಡಿ" ಅಂದಳು. ಅವಳ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನನಗೆ ಕೇಳಿಸಿದ್ದೇ ಬೇರೆ. ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ತಲೆಯ ಮೇಲೆ ಪುಸ್ತಕ ಇಟ್ಟುಕೊಂಡು ನಡೆಯುವುದನ್ನು ಕಲಿತವಳು ನಾನು. ಎರಡನೇ ಸಲ ಅನ್ನ ಕೇಳಿದ ಹುಡುಗಿಯನ್ನು ನಮ್ಮ ಸಿಸ್ಟರ್ ಬೈಯುತ್ತಿರಲಿಲ್ಲ. ಒಂದು ಹುಬ್ಬು ಎತ್ತುತ್ತಿದ್ದರು, ಅಷ್ಟೇ. ಅಷ್ಟು ವರ್ಷ ಕಳೆದ ಮೇಲೂ ಆ ಹುಬ್ಬು ಇಳಿದಿರಲಿಲ್ಲ.

ಒಮ್ಮೆ ಜ್ವರ ಬಂದು ಊಟ ಸೇರಲಿಲ್ಲ. ಊಟವೇ ಇಲ್ಲ ಅಂದ ಮೇಲೆ ಇನ್ಸುಲಿನ್ ಯಾಕೆ ಅಂತ ಬಿಟ್ಟೆ. ಇದು ತಪ್ಪು. ಹೊಟ್ಟೆ ಖಾಲಿ ಇದ್ದರೂ ನಮ್ಮಂಥವರ ಮೈಗೆ ಇನ್ಸುಲಿನ್ ಬೇಕೇ ಬೇಕು. ಆದರೆ ಜ್ವರ ಬಿಟ್ಟಾಗ ಬ್ಲೌಸು ಸಡಿಲವಾಗಿತ್ತು. ಅಲ್ಲಿಂದ ಶುರು.

ಮೊದಲು ಸೋಮವಾರ ಒಪ್ಪತ್ತು ಹಿಡಿದೆ. ಆಮೇಲೆ ಶನಿವಾರ. ಆಮೇಲೆ ಸಂಕಷ್ಟಿ, ಏಕಾದಶಿ. ದೇವರ ಮೇಲೆ ನನಗೆ ಅಂಥ ಭಕ್ತಿಯೇನೂ ಇರಲಿಲ್ಲ, ದೇವರು ಕ್ಷಮಿಸಲಿ. ನಮ್ಮ ಕಡೆ ಹೆಂಗಸೊಬ್ಬಳು ಉಂಡರೆ ಎಷ್ಟು ಉಂಡಳು ಅಂತ ನೋಡುವವರಿದ್ದಾರೆ. ಉಪವಾಸ ಇದ್ದರೆ ಯಾಕೆ ಅಂತ ಕೇಳುವವರಿಲ್ಲ, ಕೈ ಮುಗಿಯುತ್ತಾರೆ. ಶುಗರ್ ಇರುವವಳು ಹೋಳಿಗೆ ಬೇಡ ಅಂದರೆ ಇನ್ನೂ ಗೌರವ. ಯಾವ ಮದುವೆಗೆ ಹೋದರೂ ಜಯಮ್ಮ ನನ್ನ ಎಲೆ ತೋರಿಸಿ ಪಂಕ್ತಿಗೆಲ್ಲ ಕೇಳುವಂತೆ, "ನೋಡ್ರಲಾ, ಪಥ್ಯ ಅಂದ್ರೆ ನಮ್ಮತ್ತಿಗೆ ಮಾಡ್ದಂಗಿರ್ಬೇಕು! ನೀವೂ ಇದೀರಲ್ಲ, ಸುಗರ್ ಮಡಿಕ್ಕೊಂಡು ಕಜ್ಜಾಯ ಮುಕ್ತೀರ" ಅನ್ನುತ್ತಿದ್ದಳು. ಒಬ್ಬ ಮುದುಕ, "ನಮ್ಗೆ ಬಾಯಿ ಐತೆ ಕಣಮ್ಮೋ, ಏನ್ ಮಾಡನ" ಅಂತ ಇನ್ನೊಂದು ಕಜ್ಜಾಯ ಹಾಕಿಸಿಕೊಂಡ. ಎಲ್ಲರೂ ನಕ್ಕರು. ನಾನೂ ಮುಗುಳ್ನಕ್ಕೆ, ವೆರಿ ಗ್ರೇಸ್‌ಫುಲ್ ಆಗಿ.

ಆ ಪಥ್ಯದವಳೇ ಮನೆಯಲ್ಲಿ ಮೇಷ್ಟ್ರು ವಾಕಿಂಗ್ ಹೋದ ಹೊತ್ತಿಗೆ ಅಡಿಗೆಮನೆಯಲ್ಲಿ ನಿಂತು ತಂಗಳನ್ನ, ಬೆಲ್ಲ, ಬಿಸ್ಕತ್ತು, ಕೊಬ್ಬರಿ ಮಿಠಾಯಿ ಯಾವುದು ಕೈಗೆ ಸಿಕ್ಕರೆ ಅದನ್ನು ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಮೈಗೆ ಒಂದು ಕಾಳೂ ಸೇರುವುದಿಲ್ಲ. ಆ ಹಸಿವು ಊಟದ ಹಸಿವಿನಂತಲ್ಲ. ತಿಂದ ಮೇಲೆ ನಾಚಿಕೆ, ನಾಚಿಕೆಯಾದ ಮೇಲೆ ಪೆನ್ನು, ಬೇಸಿನ್ನು. ಇನ್ಸುಲಿನ್ ಪೂರ್ತಿ ನಿಲ್ಲಿಸುತ್ತಿರಲಿಲ್ಲ, ಬದುಕಿರುವಷ್ಟು ಹಾಕಿಕೊಳ್ಳುತ್ತಿದ್ದೆ. ಬದುಕಿರಲು ಎಷ್ಟು ಬೇಕು ಅಂತ ನನಗೆ ಗೊತ್ತಿದೆ ಅಂದುಕೊಂಡಿದ್ದೆ.

ಬಾಯಿ ಯಾವಾಗಲೂ ಒಣಗುತ್ತಿತ್ತು. ನೀರಿನ ಬಾಟಲಿ ಇಲ್ಲದೆ ಬೀದಿಗೆ ಇಳಿಯುತ್ತಿರಲಿಲ್ಲ. ಕೂದಲು ಹಿಡಿಹಿಡಿಯಾಗಿ ಉದುರಿತು. ಅಂಗಾಲು ಉರಿಯಿತು. "ನಿನ್ನ ಉಸಿರಲ್ಲಿ ಏನೋ ಕೊಳೆತ ಹಣ್ಣಿನ ವಾಸನೆ ಕಣೇ" ಅಂತ ಮೇಷ್ಟ್ರು ಒಮ್ಮೆ ಹೇಳಿದರು. ಟೂತ್‌ಪೇಸ್ಟ್ ಬದಲಾಯಿಸಿದೆ.

ಮೊದಲ ಸಲ ಬಿದ್ದದ್ದು ಒಂದು ಬೆಳಿಗ್ಗೆ, ಬಟ್ಟೆ ಒಣಹಾಕುವಾಗ. ವಾಂತಿ ನಿಲ್ಲಲಿಲ್ಲ. ನಿಂತಲ್ಲೇ ಓಡುತ್ತಿರುವವಳ ಹಾಗೆ ಉಸಿರಾಡುತ್ತಿದ್ದೆ. ಮೈಸೂರಿನ ದೊಡ್ಡ ಆಸ್ಪತ್ರೆಯ ಐಸಿಯು. ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ತುಂಬಿ ವಿಷವಾಗಿದೆ, ಯೂರಿನ್ ಇನ್‌ಫೆಕ್ಷನ್‌ನಿಂದ ಇರಬಹುದು ಅಂದರು. ಇನ್‌ಫೆಕ್ಷನ್ ಇದ್ದದ್ದೂ ನಿಜ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮೇಷ್ಟ್ರು ಮಾತ್ರ ಬೇರೆಯೇ ಲೆಕ್ಕ ಹಾಕಿದ್ದರು. ಅವರ ಹೆಂಡತಿ ಪಥ್ಯದಲ್ಲಿ ತಪ್ಪುವವಳಲ್ಲ. ಇನ್ಸುಲಿನ್ ಹಾಕಿಕೊಳ್ಳುವ ಸದ್ದನ್ನು ಅವರೇ ಕಿವಿಯಾರೆ ಕೇಳಿದ್ದಾರೆ. ಅಂದ ಮೇಲೆ ಇನ್ಸುಲಿನ್ನೇ ಕೆಟ್ಟಿರಬೇಕು. ಯಾಕೆ ಕೆಟ್ಟಿತು? ಕರೆಂಟು ಹೋಗಿ ಹೋಗಿ ಫ್ರಿಡ್ಜು ಬಿಸಿಯಾಗಿ.

ನಾನು ಮನೆಗೆ ಬರುವಷ್ಟರಲ್ಲಿ ಹಳೇ ಫ್ರಿಡ್ಜು ಹಂಪಾಪುರಕ್ಕೆ, ಜಯಮ್ಮನ ಮನೆಗೆ ಹೋಗಿಬಿಟ್ಟಿತ್ತು. ಅಡಿಗೆಮನೆಯಲ್ಲಿ ಹೊಸದು ನಿಂತಿತ್ತು. ಬೇಸಗೆ ಬರುವ ಹೊತ್ತಿಗೆ ಮತ್ತೆ ಐಸಿಯು ಸೇರಿದೆ. ಆಗ ಮೇಷ್ಟ್ರಿಗೆ ಹೊಸ ಫ್ರಿಡ್ಜಿನ ಮೇಲೂ ನಂಬಿಕೆ ಹೋಯಿತು. ಸಂತೆಯಿಂದ ಎರಡು ಮಡಕೆ ತಂದರು. ದೊಡ್ಡದರೊಳಗೆ ಚಿಕ್ಕದು, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ, ಒಳಗೊಂದು ಥರ್ಮಾಮೀಟರ್. "ಎವಾಪೊರೇಷನ್ ಸರೋಜ, ಕರೆಂಟಿನ ಹಂಗೇ ಬೇಡ" ಅಂದರು, ಕ್ಲಾಸಿನಲ್ಲಿ ಹೇಳುವ ಹಾಗೆ. ಪ್ರತಿ ಬೆಳಿಗ್ಗೆ ಪೇಪರ್‌ಗೂ ಮೊದಲು ಬಗ್ಗಿ ಮರಳಿಗೆ ನೀರು ಚಿಮುಕಿಸುತ್ತಿದ್ದರು. ಅದರೊಳಗಿಂದ ಪೆನ್ನು ತೆಗೆದುಕೊಂಡು ನಾನು ಬಚ್ಚಲಿಗೆ ಹೋಗುತ್ತಿದ್ದೆ. ಅವರು ಸೊಂಟ ಹಿಡಿದುಕೊಂಡು ಏಳುವುದನ್ನು ನೋಡಿಯೂ ಹೋಗುತ್ತಿದ್ದೆ. ಈ ಕಾಯಿಲೆಯ ಹಿಡಿತ ಎಷ್ಟು ಅಂದರೆ, ಅಷ್ಟು.

ಎರಡನೇ ಸಲ ಡಿಸ್ಚಾರ್ಜ್ ಮಾಡುವಾಗ ಐಸಿಯು ಡಾಕ್ಟರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ಮೂರನೇ ಸಲ ಹೀಗಾದರೆ ಉಳಿಯುವುದು ಕಷ್ಟ ಅಂದರಂತೆ. ಹುಣಸೂರಿನ ನರ್ಸಿಂಗ್ ಹೋಮಿಗೆ ತಿಂಗಳಿಗೊಮ್ಮೆ ಬರುವ ಶುಗರ್ ಸ್ಪೆಷಲಿಸ್ಟ್ ಡಾಕ್ಟರಮ್ಮನಿಗೆ ತೋರಿಸುತ್ತಿರಿ ಅಂತ ಕಳಿಸಿದರು. ಮೇಷ್ಟ್ರು ಆಟೋದಲ್ಲಿ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಜೊತೆ ಬಂದರು, ಡಾಕ್ಟರಿಗೆ ತೋರಿಸಲು.

ವೇಟಿಂಗ್ ರೂಮು ತುಂಬಿತ್ತು. ಮೇಷ್ಟ್ರು ಟೋಕನ್ನಿಗೆ ನಿಂತರು. ನನ್ನ ಪಕ್ಕದಲ್ಲಿ ರಾವಂದೂರಿನಿಂದ ಬಂದ ಒಬ್ಬ ತಾಯಿ, ಅವಳ ಮಗಳು. ತಾಯಿ ಭಾಗ್ಯ, ಮಗಳು ಚೈತ್ರ. ಡಿಗ್ರಿ ಓದುತ್ತಿದ್ದ ಹುಡುಗಿ, ಚಿಕ್ಕಂದಿನಿಂದ ನನ್ನದೇ ಕಾಯಿಲೆ. ಭಾಗ್ಯ ನನ್ನ ತೊಡೆಯ ಪಕ್ಕದ ಮಡಕೆ ನೋಡಿ, "ಏನವ್ವ ಇದು, ಮೊಸರಾ?" ಅಂದಳು. ಎರಡು ಸಲ ಐಸಿಯು ಸೇರಿದ್ದನ್ನೂ ಮೇಷ್ಟ್ರ ಫ್ರಿಡ್ಜಿನ ಥಿಯರಿಯನ್ನೂ ಹೇಳಿದೆ. ಬಾಟಲಿ ಎತ್ತಿ ನೀರು ಕುಡಿದೆ. ಮತ್ತೆ ಕುಡಿದೆ. ಭಾಗ್ಯ ಕಾಫಿ ತರಲು ಎದ್ದು ಹೋದಳು. ಆ ಹುಡುಗಿ ನನ್ನ ಬಾಟಲಿ ನೋಡಿದಳು, ಮೊಣಕೈವರೆಗೆ ಜಾರಿದ್ದ ನನ್ನ ಬಳೆ ನೋಡಿದಳು. ಆಮೇಲೆ ಪೇಟೆ ಬೀದಿಯಲ್ಲಿ ದಾರಿ ಕೇಳುವವಳ ಹಾಗೆ, "ಅಜ್ಜಿ, ಪೆನ್ನ ತಿರುಗ್ಸಿ ಎಲ್ಲಿಗೆ ಬುಡ್ತೀರಿ?" ಅಂದಳು.

"ಐ ಬೆಗ್ ಯುವರ್ ಪಾರ್ಡನ್?" ಅಂದೆ.

ಅವಳು ನಕ್ಕಳು. "ನಾನು ದಿಂಬಿಗೆ ಬುಡ್ತಿದ್ದೆ. ಆಸ್ಟೆಲ್ನಾಗೆ ದಿಂಬು ಒಂಥರಾ ವಾಸ್ನೆ ಬಂದ್ಬುಡ್ತು, ಅಂಗೇ ಸಿಕ್ಕಾಕಂಡೆ. ಫ್ರಿಡ್ಜು ಕೆಟ್ರೆ ಸುಗರ್ ಏರ್ತದೆ ಅಜ್ಜಿ, ಇಲ್ಲ ಅನ್ನಲ್ಲ. ಬಳೆ ಯಾಕ್ ಇಂಗೆ ಜಾರ್ತದೆ? ಎಲ್ಡೆಲ್ಡ್ ಸಲ ಯಾಕ್ ಐಸಿಯು ಸೇರ್ತೀರಿ?"

ಅಷ್ಟು ದಿನ ಡಾಕ್ಟರುಗಳು, ನರ್ಸುಗಳು, ನೆಂಟರು, ಒಬ್ಬರೂ ಕೇಳದ ಪ್ರಶ್ನೆ. ಮುದುಕಿಯೊಬ್ಬಳು ತೆಳ್ಳಗಿರಲು ಆಸೆಪಡುತ್ತಾಳೆ ಅಂತ ಯಾರಿಗೆ ಹೊಳೆಯುತ್ತದೆ? ಅವಳಿಗೆ ಹೊಳೆಯಿತು, ಯಾಕೆಂದರೆ ಅವಳೂ ಅಲ್ಲೇ ಇದ್ದು ಬಂದವಳು.

"ನಿನಗೆ ಯಾರಮ್ಮ ಹೇಳಿದ್ದು ನಾನು..." ಅಂತ ಶುರು ಮಾಡಿದೆ.

"ಯಾರೂ ಯೋಳಿಲ್ಲ. ನೀವು ಡಾಕ್ಟ್ರಮ್ಮಂಗೆ ಯೋಳಿ. ಬೈಯ್ಯಲ್ಲ ಅವ್ರು. ನಾನಂತೂ ಯೋಳಲ್ಲ, ಅದು ನಿಮ್ದು."

ಭಾಗ್ಯ ಕಾಫಿ ಹಿಡಿದು ಬಂದವಳು ಕೊನೆಯ ಮಾತು ಕೇಳಿ ಮಗಳ ತಲೆಗೆ ಮೊಟಕಿದಳು. "ಏಯ್, ದೊಡ್ಡೋರ ತವ ಅಂಗೆಲ್ಲಾ ಮಾತಾಡ್ಬಾರ್ದು ಕಣೇ. ತಪ್ಪು ತಿಳ್ಕಬ್ಯಾಡಿ ಮೇಡಂ, ಇವ್ಳ್ದು ಬಾಯಿ ಜಾಸ್ತಿ." ತಂದಿದ್ದ ಕಾಫಿಯಲ್ಲಿ ಒಂದು ಲೋಟ ನನ್ನ ಕೈಗಿಟ್ಟಳು. ಸಕ್ಕರೆ ಹಾಕಿಸಿರಲಿಲ್ಲ.

ಒಳಗೆ ಡಾಕ್ಟರಮ್ಮನ ಎದುರು ಮೇಷ್ಟ್ರು ಮಡಕೆಯನ್ನು ಮೇಜಿನ ಮೇಲಿಟ್ಟು ವಿವರಿಸತೊಡಗಿದರು. ಮೊದಲ ಫ್ರಿಡ್ಜು, ಎರಡನೇ ಫ್ರಿಡ್ಜು, ಮರಳಿನ ಟೆಂಪರೇಚರ್. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ಕೇಳುತ್ತಿದ್ದರು. "ಹಾಗಾದರೆ ಡೋಸ್ ಇನ್ನೂ ಜಾಸ್ತಿ ಮಾಡಿ ನೋಡೋಣ" ಅಂತ ಬರೆಯಲು ಹೊರಟರು. ಡೋಸ್ ಜಾಸ್ತಿಯಾದರೆ ಬೇಸಿನ್ನಿಗೆ ಹೋಗುವುದೂ ಜಾಸ್ತಿ, ಅಷ್ಟೇ. ಮುಂದಿನ ಸಲ ನಾನು ಇರುವುದಿಲ್ಲ, ಮೇಷ್ಟ್ರು ಮರಳಿಗೆ ನೀರು ಸರಿಯಾಗಿ ಹಾಕಲಿಲ್ಲವೇನೋ ಅಂತ ಉಳಿದ ಆಯುಷ್ಯವೆಲ್ಲ ಕೊರಗುತ್ತಾರೆ. ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

"ಐ ಆಮ್ ನಾಟ್ ಟೇಕಿಂಗ್ ಇಟ್" ಅಂದೆ. ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. ಕನ್ನಡದಲ್ಲಿ ಹೇಳಿದ್ದರೆ ಅದು ನಿಜವಾಗಿಬಿಡುತ್ತಿತ್ತು.

ಮೇಷ್ಟ್ರು, "ಯಾವುದನ್ನ? ಮಡಕೇನಾ?" ಅಂದರು.

ಡಾಕ್ಟರಮ್ಮನಿಗೆ ಅರ್ಥವಾಯಿತು. ಬರೆಯುವುದನ್ನು ನಿಲ್ಲಿಸಿ, ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. "ಅಮ್ಮ, ತೂಕ ಹೆಚ್ಚೋದು ಅಂದ್ರೆ ನಿಮಗೆ ಏನನ್ನಿಸುತ್ತೆ?" ಅಂತ ಕೇಳಿದರು. ಆಗ ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಹೊರಗೆ ಟೋಕನ್ನಿನವರು ಗಲಾಟೆ ಮಾಡುವಷ್ಟು. "ಹುಡುಗೀರನ್ನ ಕೇಳ್ತೀವಿ. ನಿಮ್ಮ ವಯಸ್ಸಿನವರನ್ನ ಕೇಳೋದು ನಮಗೆ ಹೊಳೀಲಿಲ್ಲ ನೋಡಿ" ಅಂದರು ಅವರು. ಬೈಯಲಿಲ್ಲ.

ಆಟೋದಲ್ಲಿ ಮೇಷ್ಟ್ರು ಮಡಕೆಯನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ಮನೆಯ ತಿರುವು ಬಂದಾಗ, "ಹಾಗಾದ್ರೆ ಆ ಹಳೇ ಫ್ರಿಡ್ಜು ಸರಿಯಾಗೇ ಇತ್ತು" ಅಂದರು. "ಹೂಂ" ಅಂದೆ. "ಪಾಪ" ಅಂದರು. ಯಾರಿಗೆ ಅಂತ ನಾನು ಕೇಳಲಿಲ್ಲ. ಮನೆಗೆ ಬಂದು ಮರಳನ್ನೆಲ್ಲ ಕರಿಬೇವಿನ ಬುಡಕ್ಕೆ ಸುರಿದು, ಮಡಕೆ ತೊಳೆದು ಬೋರಲು ಹಾಕಿದರು. ಊಟದ ಹೊತ್ತಿಗೆ ಪೇಪರ್ ಮಡಿಸಿಟ್ಟು ಎದುರಿಗೆ ಬಂದು ಕೂತು, "ಇಲ್ಲೇ ಹಾಕ್ಕೋ, ನಾನಿರ್ತೀನಿ" ಅಂದರು. ಪೊಲೀಸಿನವರ ಹಾಗೆ ಅಲ್ಲ. ಬಸ್ಸಿಗೆ ಕಾಯುವಾಗ ಜೊತೆಗಿರುತ್ತಾರಲ್ಲ, ಹಾಗೆ.

ಹೇಳಿದ ಮೇಲೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ನಿಜವಾದ ಕಷ್ಟ ಶುರುವಾದದ್ದೇ ಆಗ. ಡಾಕ್ಟರಮ್ಮ ಡೋಸನ್ನು ನಿಧಾನವಾಗಿ ಏರಿಸಿದರು. ಆದರೂ ಬಿಟ್ಟ ಇನ್ಸುಲಿನ್ ಮತ್ತೆ ಮೈಗೆ ಬಂದಾಗ ಕಾಲು, ಮುಖ ನೀರು ತುಂಬಿ ಊದಿಕೊಂಡವು. ಇದು ನೀರು, ಇಳಿಯುತ್ತೆ ಅಂತ ಮೊದಲೇ ಹೇಳಿದ್ದರು. ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ಊದಿದ ಪಾದ ನೋಡಿ, ಪೆನ್ನು ಹಿಡಿದು ಬಚ್ಚಲ ಬಾಗಿಲವರೆಗೆ ಹೋಗಿ ನಿಂತದ್ದುಂಟು. ಒಂದೆರಡು ಸಲ ಒಳಗೂ ಹೋದೆ. ಮೈಸೂರಿನಲ್ಲಿ ಒಬ್ಬ ಕೌನ್ಸೆಲರ್ ಹುಡುಗಿಯ ಹತ್ತಿರ ಕಳಿಸಿದರು. ಅವಳ ಮುಂದೆ ನಮ್ಮ ಸಿಸ್ಟರ ಹುಬ್ಬಿನ ಬಗ್ಗೆ ಮೊದಲ ಸಲ ಬಾಯಿಬಿಟ್ಟೆ. "ಆ ಸಿಸ್ಟರ್ ಈಗೆಲ್ಲಿದ್ದಾರೆ ಆಂಟಿ?" ಅಂದಳು. ತೀರಿಹೋಗಿ ಯಾವ ಕಾಲವಾಯಿತೋ ಅಂದೆ. "ಮತ್ತೆ ಊಟಕ್ಕೆ ಯಾಕೆ ಕರೀತೀರಾ ಅವರನ್ನ?" ಅಂದಳು. ಜಾಣೆ.

ಆ ದಿನಗಳಲ್ಲೇ ಒಂದು ಸಂಜೆ ಮೇಷ್ಟ್ರು ನನ್ನ ಬ್ಲೌಸುಗಳನ್ನೆಲ್ಲ ಬಟ್ಟೆ ಚೀಲಕ್ಕೆ ತುಂಬಿಕೊಂಡು, ನನಗೆ ಹೇಳದೆ, ನಮ್ಮ ಟೈಲರ್ ಹಬೀಬ್ ಸಾಬರ ಅಂಗಡಿಗೆ ಹೋಗಿ ಎಲ್ಲವನ್ನೂ ಬಿಚ್ಚಿಸಿ ಅಗಲ ಮಾಡಿಸಿಕೊಂಡು ಬಂದರು. "ಒಳಗಡೆ ಬಟ್ಟೆ ಬಿಟ್ಟೇ ಹೊಲಿದಿದ್ದೆ ಮೇಷ್ಟ್ರೇ, ಹೆಣ್ಮಕ್ಕಳ ಮೈ ಒಂದೇ ಥರಾ ಇರ್ತದಾ" ಅಂದರಂತೆ ಸಾಬರು. ಬೀರುವಿನಲ್ಲಿ ಮತ್ತೆ ಜೋಡಿಸಿಟ್ಟ ಬ್ಲೌಸುಗಳಲ್ಲಿ ಒಂದೂ ಬಿಗಿಯಾಗಿರಲಿಲ್ಲ. ತೂಕದ ಮೆಷೀನಿಗಿಂತ ಹೆಚ್ಚು ನನ್ನನ್ನು ಹೆದರಿಸುತ್ತಿದ್ದದ್ದು ಆ ಬ್ಲೌಸುಗಳೇ ಅಂತ ಅವರಿಗೆ ಹೇಗೆ ಗೊತ್ತಾಯಿತೋ.

ಜಯಮ್ಮನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. "ಇದೆಂಥ ಕಾಯ್ಲೆ ಅತ್ತಿಗೆ! ಉಣ್ಣಕ್ ಎದ್ರೋ ಕಾಯ್ಲೆ?" ಅಂದಳು. ಒಪ್ಪತ್ತು ಬಿಟ್ಟರೆ ದೇವರಿಗೆ ಕೋಪ ಬರುವುದಿಲ್ಲವೇ ಅಂದಳು. ಕೊನೆಗೆ, "ನಾನು ಒಗಳ್ತಿದ್ನಲ್ಲ, ಅದೂ ಸೇರ್ಕತಾ ಇದ್ರಲ್ಲಿ?" ಅಂತ ಕೇಳಿದಳು. ಇಲ್ಲ ಅನ್ನಲು ಹೊರಟೆ. ಆಮೇಲೆ, "ಸ್ವಲ್ಪ" ಅಂದೆ. ಅಂದಿನಿಂದ ಅವಳು ನನ್ನ ಎಲೆಯ ಬಗ್ಗೆ ಯಾರಿಗೂ ಏನೂ ಹೇಳಿಲ್ಲ. ಜಯಮ್ಮನಂಥವಳಿಗೆ ಅದು ಎಷ್ಟು ಕಷ್ಟ ಅಂತ ಅವಳನ್ನು ಬಲ್ಲವರಿಗೆ ಗೊತ್ತು.

ನಿಮ್ಮ ಮನೆಯಲ್ಲಿ ಇನ್ಸುಲಿನ್ ಮೇಲಿರುವವರು ಇದ್ದರೆ ಇಷ್ಟು ಹೇಳುತ್ತೇನೆ. ಕಾರಣವಿಲ್ಲದೆ ಮೈ ಇಳಿಯುತ್ತಿದ್ದರೆ, ಎಷ್ಟು ನೀರು ಕುಡಿದರೂ ಸಾಲದೇ ಇದ್ದರೆ, ಇನ್ಸುಲಿನ್ ಹಾಕಿಕೊಳ್ಳಲು ಯಾವಾಗಲೂ ಬಾಗಿಲು ಹಾಕಿಕೊಳ್ಳುತ್ತಿದ್ದರೆ, ಪಂಕ್ತಿಯಲ್ಲಿ ಏನೂ ಬೇಡ ಅಂದವರ ಮನೆಯಲ್ಲಿ ಬೆಲ್ಲದ ಡಬ್ಬಿ ಖಾಲಿಯಾಗುತ್ತಿದ್ದರೆ, ಪದೇ ಪದೇ ಆಸ್ಪತ್ರೆ ಸೇರುತ್ತಿದ್ದರೆ, ಹುಡುಗಿಯಾಗಲಿ ಮುದುಕಿಯಾಗಲಿ ಗಂಡಸಾಗಲಿ, ಒಮ್ಮೆ ಕೇಳಿ. ಮೆತ್ತಗೆ ಕೇಳಿ. ಉತ್ತರ ಇಂಗ್ಲಿಷಿನಲ್ಲಿ ಬಂದರೂ ಎದ್ದು ಹೋಗಬೇಡಿ. ನನ್ನ ಬಲಗಣ್ಣು ಈಗ ಮಂಜು. ಲೇಸರ್ ಮಾಡಿ ಎಷ್ಟು ಉಳಿಸಬಹುದೋ ಅಷ್ಟು ಉಳಿಸಿದ್ದಾರೆ. ಅದು ಆ ವರ್ಷಗಳ ಬಾಬ್ತು. ಇದನ್ನು ಎಡಗಣ್ಣಿನಿಂದ ಬರೆಯುತ್ತಿದ್ದೇನೆ.

ಚೈತ್ರಳನ್ನು ತಿಂಗಳು ತಿಂಗಳು ಅದೇ ಬೆಂಚಿನಲ್ಲಿ ನೋಡುತ್ತಿದ್ದೆ. ಡಿಗ್ರಿ ಮುಗಿಸಿದಳು. ಗೋಣಿಕೊಪ್ಪಲಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹುಡುಗನ ಜೊತೆ ಮದುವೆ ಗೊತ್ತಾಯಿತು. ಭಾಗ್ಯ ಬೇಡವೆಂದರೂ ಗಂಡಿನ ಕಡೆಯವರಿಗೆ ಶುಗರ್ ವಿಷಯ ಅವಳೇ ಹೇಳಿದಳು. ಇನ್ನೊಂದು ವಿಷಯ ಹೇಳಲಿಲ್ಲ. ಮದುವೆ ಹತ್ತಿರ ಬಂದಾಗ ಅವಳ ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಈ ಸಲ ನಾನು ಕೇಳಿದೆ. ಸೀಲಿಂಗ್ ಫ್ಯಾನ್ ನೋಡುತ್ತ, "ಒಂದೊಂದ್ ದಿನ ಅಜ್ಜಿ. ಫೋಟೋ ತೆಗೀತಾರಲ್ಲ" ಅಂದಳು. ಇಬ್ಬರೂ ಒಟ್ಟಿಗೆ ಡಾಕ್ಟರಮ್ಮನ ರೂಮಿಗೆ ಹೋದೆವು. ಅವಳು ಹೇಳುವಾಗ ನಾನು ಅವಳ ಕೈಚೀಲ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ.

ಈಗ ಅವಳು ಗೋಣಿಕೊಪ್ಪಲಿನವಳು. ಆಗಾಗ ಫೋನು ಮಾಡುತ್ತಾಳೆ. ಚೆನ್ನಾಗಿದ್ದೀನಿ ಅನ್ನುತ್ತಾಳೆ. ಫೋನಿನಲ್ಲಿ ಕೊರಳ ಮೂಳೆ ಕಾಣುವುದಿಲ್ಲ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ರಾವಂದೂರಿನಲ್ಲಿ, ಮದುವೆಯಾದ ಮೇಲಿನ ಬೀಗರೂಟದ ದಿನ. ಮನೆ ಮುಂದಿನ ಚಪ್ಪರದಲ್ಲಿ ಉದ್ದಕ್ಕೂ ಎಲೆ ಹಾಸಿದ್ದರು. ಮೇಷ್ಟ್ರು ಗಂಡಸರ ಸಾಲಿನಲ್ಲಿ, ನಾನು ಚೈತ್ರಳ ಎದುರು ಸಾಲಿನಲ್ಲಿ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಮೂಲೆಯಲ್ಲಿ ಲಾಡು. ಚೈತ್ರ ಎಲೆಯ ಮುಂದೆ ಕೂತಲ್ಲೇ ಪೆನ್ನು ತೆಗೆದು, ಸೆರಗಿನ ಮರೆಯಲ್ಲಿ ಹೊಟ್ಟೆಗೆ ಚುಚ್ಚಿಕೊಂಡಳು. ಪಕ್ಕದಲ್ಲಿದ್ದ ಅವಳ ಅತ್ತೆ, "ಅಯ್ಯೋ, ಪಂಕ್ತಿ ಮ್ಯಾಲೇ ಸೂಜಿ ಏನವ್ವ, ಒಳಕ್ಕೋಗಿ ಆಕ್ಕಂಡ್ ಬರಬಾರ್ದಾ" ಅಂದರು. "ಒಳಕ್ಕೋದ್ರೆ ಬುಟ್ಬುಡ್ತೀನಿ ಅತ್ತೆ" ಅಂದಳು ಅವಳು. ಅತ್ತೆಗೆ ಏನು ಅರ್ಥವಾಯಿತೋ, "ಸರಿ ಬುಡು, ಉಣ್ಣು, ಸಾರು ಆರೋಯ್ತದೆ" ಅಂದರು.

ಅರ್ಧ ಮುದ್ದೆ ಉಂಡಳು. ಆಮೇಲೆ ಕೈ ನಿಂತಿತು. ಉಳಿದರ್ಧವನ್ನು ನೋಡುತ್ತ ಕೂತಳು. ಆ ನೋಟ ನನಗೆ ಗೊತ್ತು. ಅಂಥ ಹೊತ್ತಿನಲ್ಲಿ ಎದುರಿಗೆ ಯಾರಾದರೂ ಕಣ್ಣಿಟ್ಟರೆ ತುತ್ತು ಇಳಿಯುವುದಿಲ್ಲ ಎಂಬುದೂ ಗೊತ್ತು. ಹಾಗಾಗಿ ತಲೆ ತಗ್ಗಿಸಿ ನನ್ನ ಎಲೆಯಲ್ಲಿದ್ದ ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದೆ. ಮತ್ತೆ ಮುರಿದೆ. ನನ್ನದು ಮುಗಿಯುವವರೆಗೂ ಕಣ್ಣೆತ್ತಲಿಲ್ಲ.

ಕಣ್ಣೆತ್ತಿದಾಗ ಅವಳು ಕೈತೊಳೆಯಲು ಹೋಗುತ್ತಿದ್ದಳು. ಎಲೆ ಮಡಚಿತ್ತು, ಉಳಿದರ್ಧ ಮುದ್ದೆ ಅದರೊಳಗಿತ್ತೋ ಇಲ್ಲವೋ ಕಾಣಲಿಲ್ಲ.